ಹದಿನಾಲ್ಕನೆಯ ಕಾಲಮ್ಮಿನ ಸೊನ್ನೆ

ಆ ಸೊನ್ನೆಯ ಬಾಯಿ ಪೂರ್ತಿ ಮುಚ್ಚಿಲ್ಲ. ಮೇಲ್ಗಡೆ ಬಲಕ್ಕೆ ಕೂದಲೆಳೆಯಷ್ಟು ಸಂದು ಉಳಿದಿದೆ. ನೀಲಿ ಶಾಯಿ, ಸಣ್ಣ ನಿಬ್ಬು. ನಾನು ಅವಸರದಲ್ಲಿ ಬರೆದರೆ ಸೊನ್ನೆ ಹೀಗೆಯೇ ಆಗುತ್ತದೆ. ಆದ್ದರಿಂದ ಅದು ಯಾರ ಕೈಬರಹ ಎಂಬ ಬಗ್ಗೆ ಚರ್ಚೆ ಬೇಕಿಲ್ಲ.

ಅಚ್ಚಾಗುವಾಗ ಅದರ ಬಾಯಿ ಮುಚ್ಚಿತು. ಅಚ್ಚಿನ ಸೊನ್ನೆ ಗುಂಡಗಿರುತ್ತದೆ, ನೋಡಿದವರು ನಂಬುತ್ತಾರೆ.

ನಾನು ಐದು ವರ್ಷ ಒಬ್ಬ ಪ್ರಾಧ್ಯಾಪಕರ ಬಳಿ ಸಂಶೋಧನಾ ಸಹಾಯಕಿಯಾಗಿದ್ದೆ. ಮೂತ್ರಪಿಂಡ ಕೆಟ್ಟವರಿಗೆ ಬಂಧುಗಳ ಮೂತ್ರಪಿಂಡ ಕೂಡಿಸುವ ಶಸ್ತ್ರಕ್ರಿಯೆ ನಮ್ಮ ದೇಶದಲ್ಲಿ ಆಗಷ್ಟೇ ಆರಂಭವಾಗಿತ್ತು. ಅಂಥ ಚಿಕಿತ್ಸೆಯಿಂದ ಒಂದು ಮನೆತನದ ಮೇಲೆ ಏನೇನು ಹೊರೆ ಬೀಳುತ್ತದೆ ಎಂಬುದು ನಮ್ಮ ಅಧ್ಯಯನದ ವಿಷಯ. ಈಗ ನಾನು ಆ ಕೆಲಸದಲ್ಲಿಲ್ಲ. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನಿವೃತ್ತಿ ಎಂದರೆ ಜನ ನಗುತ್ತಾರೆ, ನಗಲಿ. ನನ್ನ ಜಾಗಕ್ಕೆ ಬರಲಿರುವ ಹುಡುಗಿ ಕೆಲಸ ಹೇಗಿರುತ್ತದೆ ಎಂದು ಕೇಳಿ ಪತ್ರ ಬರೆದಿದ್ದಾಳೆ. ನೇಮಕದ ಆದೇಶದಲ್ಲಿ ಇಲ್ಲದ್ದನ್ನು ಮಾತ್ರ ಅವಳಿಗೆ ಉತ್ತರವಾಗಿ ಇಲ್ಲಿ ಬರೆಯುತ್ತೇನೆ. ನನ್ನ ಬಗ್ಗೆ ಇಷ್ಟು ಸಾಕು: ಬಸವನ ಬಾಗೇವಾಡಿಯ ಶಾಲಾ ಮಾಸ್ತರರ ಮಗಳು, ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಹೆಸರು ಬೇಡ. ಪ್ರಾಧ್ಯಾಪಕರದ್ದೂ ಬೇಡ, ಅವರನ್ನು ಸರ್ ಎನ್ನುತ್ತೇನೆ.

ಸೇರಿದ ಮೊದಲ ದಿನ ಸರ್ ನನ್ನ ಕೈಗೆ ರೋಗಿಗಳ ಕಡತ ಕೊಡಲಿಲ್ಲ. ಎರಡು ಬೂಟಿನ ಡಬ್ಬಿ ಕೊಟ್ಟರು. ಒಂದರಲ್ಲಿ ಬಿಳಿ ಕಾರ್ಡುಗಳು: ಸರ್ ಬರೆದ ಲೇಖನಗಳು, ಒಂದಕ್ಕೊಂದು ಕಾರ್ಡು. ಇನ್ನೊಂದರಲ್ಲಿ ಗುಲಾಬಿ ಕಾರ್ಡುಗಳು: ಅವರ ಲೇಖನವನ್ನು ಬೇರೆ ಯಾರಾದರೂ ತಮ್ಮ ಲೇಖನದ ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿದರೆ, ಆ ಒಂದೊಂದು ಉಲ್ಲೇಖಕ್ಕೂ ಒಂದು.

"ನೋಡ್ರಿ ತಂಗಿ," ಎಂದರು. "ಬಿಳೀದು ನಾ ಬರದದ್ದು. ಗುಲಾಬೀದು ಜಗತ್ತು ಒಪ್ಪಿದ್ದು. ಬಿಳೀ ಡಬ್ಬಿ ಯಾರರ ತುಂಬ್ತಾರ. ಗುಲಾಬಿ ಡಬ್ಬಿ ತುಂಬೂದದ ನೋಡ್ರಿ, ಅದು ವಿದ್ವತ್ತು."

ಗುಲಾಬಿ ಡಬ್ಬಿ ತುಂಬುವುದೇ ನನ್ನ ಮುಖ್ಯ ಉದ್ಯೋಗವಾಯಿತು. ವರ್ಷಕ್ಕೆ ಎರಡು ಸಲ ನನ್ನನ್ನು ಬೆಂಗಳೂರಿಗೆ ಕಳಿಸುತ್ತಿದ್ದರು. ಅಲ್ಲಿನ ಒಂದು ಗ್ರಂಥಾಲಯಕ್ಕೆ ವಿದೇಶದಿಂದ ಸೂಚಿಯ ದಪ್ಪ ಸಂಪುಟಗಳು ಬರುತ್ತಿದ್ದವು. ಯಾರು ಯಾರನ್ನು ಎಲ್ಲಿ ಉಲ್ಲೇಖಿಸಿದರು ಎಂಬುದೆಲ್ಲ ಅದರಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಭೂತಗನ್ನಡಿ ಹಿಡಿದು ಒಂದು ಹೆಸರು ಹುಡುಕುವುದು. ಮುಂಬಯಿಗೆ ಮೂತ್ರಪಿಂಡ ಕೊಡಲು ಹೋದವರು ರಾತ್ರಿ ಎಲ್ಲಿ ಮಲಗಿದ್ದರು ಎಂದು ಕೇಳಿ ಬರಲು ನನಗೆ ಪ್ರವಾಸದ ಮಂಜೂರಾತಿ ಸಿಗುತ್ತಿರಲಿಲ್ಲ. ಈ ಹೆಸರು ಹುಡುಕಲು ಸಿಗುತ್ತಿತ್ತು.

ಒಮ್ಮೆ ಉಲ್ಲೇಖಗಳು ಇದ್ದಕ್ಕಿದ್ದಂತೆ ದುಪ್ಪಟ್ಟಾದವು. ಸಂಶಯ ಬಂದು ಮೂಲ ನಿಯತಕಾಲಿಕಗಳನ್ನು ತೆಗೆಸಿ ನೋಡಿದೆ. ಸರ್ ಅವರ ಹೆಸರು ಮತ್ತು ಇನಿಷಿಯಲ್ ಇರುವ ಇನ್ನೊಬ್ಬರು ದಕ್ಷಿಣದ ಯಾವುದೋ ಕರಾವಳಿಯಲ್ಲಿದ್ದರು. ಅವರು ಮೀನಿನ ಮೂತ್ರಪಿಂಡದ ಬಗ್ಗೆ ಬರೆಯುತ್ತಿದ್ದರು. ಬಂದು ಹೇಳಿದೆ.

ಸರ್ ಒಂದು ಕಾರ್ಡು ಎತ್ತಿ ನೋಡಿದರು. "ಮೂತ್ರಪಿಂಡ ಹೌದಲ್ಲೋ?"

"ಮೀನಿಂದು, ಸರ್."

"ಕಾರ್ಡಿನ ಮ್ಯಾಲೆ ಮೀನು ಅಂತ ಬರೀಬೇಕಂತೇನಿಲ್ಲ," ಎಂದರು.

ಆ ಕಾರ್ಡುಗಳು ಈಗಲೂ ಡಬ್ಬಿಯಲ್ಲಿವೆ. ನನ್ನ ಜಾಗಕ್ಕೆ ಬಂದು ನೀವು ಎಣಿಸುವಾಗ ನಿಮಗೆ ಸಿಗುತ್ತವೆ.

ನಮ್ಮ ಕ್ಷೇತ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳು. ಮೂತ್ರಪಿಂಡದ ಕಾಯಿಲೆಯವರು ಅನೇಕರಿದ್ದರು. ಶಸ್ತ್ರಕ್ರಿಯೆಯವರೆಗೆ ಹೋಗಿ ಬಂದವರು ತಾಲೂಕಿಗೆ ಒಂದರಂತೆ ನಾಲ್ಕೇ ಕುಟುಂಬ. ಈ ನಾಲ್ಕು ಕುಟುಂಬಗಳಿಂದ ಸರ್ ಹನ್ನೊಂದು ಲೇಖನ ತೆಗೆದರು. ತಾಲೂಕಿಗೊಂದು ಲೇಖನ, ಎರಡೆರಡು ತಾಲೂಕನ್ನು ಹೋಲಿಸಿ ಕೆಲವು, ನಾಲ್ಕನ್ನೂ ಕೂಡಿಸಿ ಒಂದು, ಆ ಕೂಡಿಸಿದ್ದನ್ನು ಸಿಂಹಾವಲೋಕನ ಮಾಡಿ ಮತ್ತೊಂದು. ಮನೆಗಳಿಗೆ ಹೋದವಳು ನಾನು. ಸರ್ ಹೆಚ್ಚೆಂದರೆ ಬಿಜಾಪುರದ ಪ್ರವಾಸಿ ಮಂದಿರದವರೆಗೆ ಬರುತ್ತಿದ್ದರು. ಅಲ್ಲಿ ಬಿಸಿಲು ಜಾಸ್ತಿ ಎಂದು ಹಿಂದಿರುಗುತ್ತಿದ್ದರು.

ಉಲ್ಲೇಖದ ಈ ವ್ಯವಹಾರವನ್ನು ಅರ್ಥ ಮಾಡಿಕೊಳ್ಳಲು ಎಂ.ಎ. ಬೇಕಿಲ್ಲ. ನಮ್ಮ ಕಡೆಯ ಮದುವೆಯ ಆಯೇರಿ, ಅಂದರೆ ಉಡುಗೊರೆ ಕೊಡುವ ಶಾಸ್ತ್ರ, ನೋಡಿದ್ದರೆ ಸಾಕು. ಒಬ್ಬರು ಕುಪ್ಪಸದ ಖಣ ಕೊಡುತ್ತಾರೆ. ಪಡೆದವರು ಅದನ್ನು ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ದಾಟಿಸುತ್ತಾರೆ. ಅವರು ಇನ್ನೊಬ್ಬರಿಗೆ. ನನ್ನ ತಾಯಿ ಕೊಟ್ಟ ಒಂದು ಖಣ ನಾಲ್ಕು ವರ್ಷದ ಮೇಲೆ ತಾಳಿಕೋಟಿಯ ಬೀಗರ ಕೈಯಿಂದ ನಮ್ಮ ಮನೆಗೇ ವಾಪಸು ಬಂದಿತ್ತು, ಮೂಲೆಯಲ್ಲಿ ಅವಳದೇ ಅರಿಷಿಣದ ಕಲೆಯೊಂದಿಗೆ. ಸರ್ ಪುಣೆಯವರನ್ನು ಉಲ್ಲೇಖಿಸುತ್ತಿದ್ದರು, ಪುಣೆಯವರು ದಿಲ್ಲಿಯವರನ್ನು, ದಿಲ್ಲಿಯವರು ಸರ್ ಅವರನ್ನು. ಯಾರೂ ಮಡಿಕೆ ಬಿಚ್ಚಿ ನೋಡುತ್ತಿರಲಿಲ್ಲ.

ಮುದ್ದೇಬಿಹಾಳದ ಸಂಗತಿ ಒಂದನ್ನು ಹೇಳುತ್ತೇನೆ. ಅಲ್ಲಿ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯ ಒಬ್ಬ ಗುಮಾಸ್ತರಿಗೆ ಅವರ ತಂದೆಯೇ ಮೂತ್ರಪಿಂಡ ಕೊಟ್ಟಿದ್ದರು. ಅಚ್ಚಾದ ಲೇಖನದಲ್ಲಿ 'ರೋಗಿ ಸುಖವಾಗಿದ್ದಾನೆ, ಕೆಲಸಕ್ಕೆ ಮರಳಿದ್ದಾನೆ' ಎಂದಿತ್ತು. ಅದರ ಪ್ರತಿಯನ್ನು ಕೊಟ್ಟು ಬರೋಣವೆಂದು ಹೋದೆ. ಪಡಸಾಲೆಯಲ್ಲಿ ಗುಮಾಸ್ತರ ಪಟಕ್ಕೆ ಹಾರ ಹಾಕಿತ್ತು. ಹಾರದ ಹೂವು ಒಣಗಿ ಬಹಳ ದಿನವಾಗಿತ್ತು. ತಂದೆ ಲೇಖನ ತೆಗೆದುಕೊಂಡು, ತಿರುವಿ, ಇಂಗ್ಲಿಷಿನಲ್ಲಿದೆ ಎಂದು ನನಗೇ ಹಿಂದಕ್ಕೆ ಕೊಟ್ಟರು. "ಏನ್ ಬರದಾರ್ರೀ ನನ್ನ ಮಗನ ಬಗ್ಗೆ?" ಎಂದರು. ನಾನು ನೀರು ಕೇಳಿ, ಕುಡಿದು ಎದ್ದು ಬಂದೆ.

ಸರ್‌ಗೆ ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಾವು ಲೇಖನ ಕಳಿಸಿದಾಗ ಇದ್ದನಲ್ಲಾ?"

ಇದ್ದರು. ಆದ್ದರಿಂದ ಲೇಖನ ಸರಿಯಾಗಿತ್ತು.

ಇನ್ನು ಸೊನ್ನೆಯ ವಿಷಯ.

ಸಿಂದಗಿ ತಾಲೂಕಿನ ಯಂಕಂಚಿಯಲ್ಲಿ ಶಾಂತವ್ವ ಎಂಬಾಕೆ ಇದ್ದಾಳೆ. ಅವಳ ತಮ್ಮ ಸಿದ್ರಾಮ ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ಟೇಲರ್. ಅವನ ಎರಡೂ ಮೂತ್ರಪಿಂಡ ಕೆಟ್ಟಾಗ ಶಾಂತವ್ವ ತನ್ನದೊಂದನ್ನು ಕೊಟ್ಟಳು. ಸಂಕ್ರಾಂತಿಯ ಹೊತ್ತಿಗೆ ಮುಂಬಯಿಯಲ್ಲಿ ಶಸ್ತ್ರಕ್ರಿಯೆ ಆಯಿತು. ತಿಂಗಳ ಮೇಲೆ ಅವಳು ಊರಿಗೆ ಬಂದಾಗ ನಾನು ಫಾರ್ಮು ಹಿಡಿದು ಹೋದೆ. ಎಡ ಪಕ್ಕೆಯಲ್ಲಿ ಅವಳಿಗೆ ಒಂದು ಗೇಣು ಉದ್ದದ ಗಾಯವಿತ್ತು. ತಳಗಿನ ಪಕ್ಕೆಲುಬಿನ ತುದಿಯನ್ನೂ ಕತ್ತರಿಸಿ ತೆಗೆದಿದ್ದರು.

ಅತ್ತೆ ಹೊಸ್ತಿಲಲ್ಲಿ ಕುಳಿತಿದ್ದಳು. "ಬರಕೋರಿ ಅಕ್ಕಾರ, ಬರಕೋರಿ," ಎಂದಳು. "ಒಕ್ಕಲತನದ ಮನೀ ಸೊಸಿ ಒಂದು ಕಿಡ್ನಿ ತವರಿಗೆ ಕೊಟ್ಟು ಬಂದಾಳ. ಇನ್ನೊಂದು ಅಲ್ಲೇ ಮರತು ಬರಲಿಲ್ಲಲ್ಲ, ನಮ್ಮ ಪುಣ್ಯಾ!"

"ಅತ್ತೀ, ಅಕ್ಕಾರು ಕಲತವರದಾರ, ಸುಮ್ಕಿರ್ರಿ," ಎಂದಳು ಶಾಂತವ್ವ. ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು.

ಹದಿನಾಲ್ಕನೆಯ ಕಾಲಮ್ಮು: 'ದಾನಿಯ ಕೈತಪ್ಪಿದ ಗಳಿಕೆ.' ಜೊತೆಗೆ ಸರ್ ತಯಾರಿಸಿದ ಸೈಕ್ಲೋಸ್ಟೈಲ್ ಮಾಡಿದ ಸೂಚನೆಯ ಹಾಳೆ ಇತ್ತು: ನಗದು ಕೂಲಿಯನ್ನು ಮಾತ್ರ ಬರೆಯಬೇಕು, ಇಲ್ಲದಿದ್ದರೆ ಸೊನ್ನೆ.

"ನಿಮಗೆ ನಗದು ಕೂಲಿ ಎಷ್ಟು ಬರುತ್ತದೆ?" ಎಂದು ಕೇಳಿದೆ.

"ನಗದ ಎಲ್ಲೀದರೀ ನಮಗ?" ಎಂದಳು.

ನಾನು ಸೊನ್ನೆ ಬರೆದೆ.

ಇದರಲ್ಲಿ ಸರ್ ಅವರ ಸೂಚನೆಯನ್ನು ದೂರಿ ನಾನು ಪಾರಾಗಲಾರೆ. ಹೊರಗಿನ ಊರಿಂದ ಬಂದವಳು ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ನಮ್ಮ ಸೀಮೆಯಲ್ಲಿ ಜೋಳ ಕೀಳುವ ಹೆಂಗಸರಿಗೆ ಕೂಲಿಯನ್ನು ಸಿವುಡಿನಲ್ಲಿ, ಅಂದರೆ ತೆನೆಸಹಿತ ಕಟ್ಟಿದ ದಂಟಿನ ಕಟ್ಟಿನಲ್ಲಿ ಕೊಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೇ? ನನ್ನ ಅಜ್ಜಿ ಸುಗ್ಗಿಯಲ್ಲಿ ತಲೆಯ ಮೇಲೆ ಸಿವುಡು ಹೊತ್ತು ತಂದು ಅಂಗಳಕ್ಕೆ ಕೆಡವುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನು. ಧಾರವಾಡದಲ್ಲಿ ಎರಡು ವರ್ಷ ಗಳಿಕೆಯ ಸಿದ್ಧಾಂತಗಳನ್ನು ಓದಿ ಬಂದ ಮೇಲೆ ಅದು ಗಳಿಕೆ ಎಂದು ನನಗೆ ಹೊಳೆಯಲಿಲ್ಲ. ಫಾರ್ಮು ಕೇಳಿದ್ದನ್ನು ಕೇಳಿದೆ. ಉಳಿದ ಮೂವರು ದಾನಿಗಳಲ್ಲಿ ಇಬ್ಬರು ಹೆಂಗಸರೇ, ಅವರಿಗೂ ಸೊನ್ನೆ.

ಸರ್ ಅದರಿಂದ ಒಂದು ವಾಕ್ಯ ಮಾಡಿದರು: ಗ್ರಾಮೀಣ ಪ್ರದೇಶದಲ್ಲಿ ಮಹಿಳಾ ದಾನಿಗೆ ಆರ್ಥಿಕ ನಷ್ಟ ಇಲ್ಲ. ಹನ್ನೊಂದು ಲೇಖನಗಳಲ್ಲಿ ಅತಿ ಹೆಚ್ಚು ಗುಲಾಬಿ ಕಾರ್ಡು ತಂದದ್ದು ಆ ವಾಕ್ಯವಿದ್ದ ಲೇಖನವೇ. ಪುಣೆಗೆ ಹೋಯಿತು, ದಿಲ್ಲಿಗೆ ಹೋಯಿತು, ದಿಲ್ಲಿಯಿಂದ 'ಇತ್ತೀಚಿನ ಅಧ್ಯಯನಗಳು ತೋರಿಸಿರುವಂತೆ' ಎಂಬ ಹೊಸ ಹೊದಿಕೆಯಲ್ಲಿ ನಮ್ಮಲ್ಲಿಗೇ ಬಂತು. ಸರ್ ಅದನ್ನು ತಮ್ಮ ಮಾತಿಗೆ ಸಿಕ್ಕ ಸ್ವತಂತ್ರ ಪುರಾವೆ ಎಂದು ಮುಂದಿನ ಲೇಖನದಲ್ಲಿ ಉಲ್ಲೇಖಿಸಿದರು. ಅಧ್ಯಯನಗಳು ಎಂಬ ಬಹುವಚನದ ಒಳಗಿದ್ದದ್ದು ಯಂಕಂಚಿಯ ಒಂದು ಹೊಸ್ತಿಲು, ನನ್ನ ಒಂದು ನಿಬ್ಬು.

ಇತ್ತ ಶಾಂತವ್ವ ಫಾರ್ಮು ತುಂಬಿದ ವರ್ಷವೇ ಸುಗ್ಗಿಗೆ ಹೋಗಿದ್ದಳು. ಗಾಯಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. ಹೋಗದಿದ್ದರೆ ಮನೆಗೆ ಜೋಳ ಬರುತ್ತಿರಲಿಲ್ಲ. ಜೋಳವನ್ನು ಬೇರುಸಹಿತ ಕೀಳಬೇಕು. ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಎಳೆಯಬೇಕು. ಕೆಲವೇ ದಿನಗಳಲ್ಲಿ ಗಾಯದ ಜಾಗ ಉಬ್ಬಿ ಬಂತು; ಪಟ್ಟಿ ಬಿಗಿದುಕೊಂಡೇ ಇನ್ನೆರಡು ಸುಗ್ಗಿ ತಳ್ಳಿದಳು, ಆಮೇಲೆ ತಡೆಯಲಾಗಲಿಲ್ಲ. ಒಳಗೆ ಹೊಲಿಗೆ ಬಿಟ್ಟಿದೆ, ಮತ್ತೆ ಶಸ್ತ್ರಕ್ರಿಯೆ ಆಗಬೇಕು, ಆ ಮೇಲೆ ಆರು ತಿಂಗಳು ಭಾರ ಎತ್ತಬಾರದು, ಬಗ್ಗಿ ಕೀಳಬಾರದು ಎಂದರು ವೈದ್ಯರು. ಹಾಗೆ ಮಾಡದಿದ್ದರೆ ಎರಡನೆಯ ಹೊಲಿಗೆಯೂ ನಿಲ್ಲುವುದಿಲ್ಲ.

ಸಿದ್ರಾಮನ ಔಷಧಿಗೆ ನೆರವಾಗುತ್ತಿದ್ದುದು ಮುಂಬಯಿಯ ಒಂದು ಧರ್ಮಸಂಸ್ಥೆ. ಅಕ್ಕನ ಮನೆಗೆ ಆರು ತಿಂಗಳ ಕಾಳು ಕೊಡಿಸಬೇಕೆಂದು ಅವನು ಅವರಿಗೆ ಅರ್ಜಿ ಬರೆದ. ಅವರು ಕಟುಕರಲ್ಲ, ಓದುವವರು. ಓದಿದ್ದೇ ಕಷ್ಟವಾಯಿತು. ಸರ್ ಹೆಸರಿಗೆ ಪತ್ರ ಬಂತು: ದಾನಿಗೆ ನಷ್ಟವಿಲ್ಲ ಎಂದು ತಮ್ಮ ಲೇಖನ ಹೇಳುತ್ತದೆ, ಆದ್ದರಿಂದ ಕಾಳಿನ ನೆರವಿಗೆ ಆಧಾರ ಕಾಣುತ್ತಿಲ್ಲ, ಆ ಅಂಕಿ ತಪ್ಪಿದ್ದರೆ ತಾವು ಲಿಖಿತವಾಗಿ ತಿಳಿಸಿದಲ್ಲಿ ಪುನಃ ಪರಿಶೀಲಿಸುತ್ತೇವೆ.

ಟಪಾಲು ಬಿಚ್ಚುವವಳು ನಾನೇ. ಪತ್ರವನ್ನು ಸರ್ ಮೇಜಿನ ಮೇಲಿಟ್ಟು ಸಿವುಡಿನ ವಿಷಯ ಹೇಳಿದೆ.

ಅವರು ಕನ್ನಡಕ ತೆಗೆದರು. "ತಂಗಿ, ಈ ಲೇಖನ ಎಷ್ಟು ಮಂದಿ ಉಲ್ಲೇಖ ಮಾಡ್ಯಾರ, ಗೊತ್ತದ ಏನು?"

"ಗೊತ್ತದರಿ. ನಾನೇ ಕಾರ್ಡ್ ಬರದೀನಿ."

"ಮತ್ತ? ಇದು ತಪ್ಪಂದ್ರ ಅವರೆಲ್ಲಾ ತಪ್ಪು. ದಿಲ್ಲಿಯವರ ಮಾರಿ ಹೆಂಗ ನೋಡ್ಲಿ ನಾನು?"

"ಶಾಂತವ್ವಗ ಆರು ತಿಂಗಳ ಕಾಳಿನ ಪ್ರಶ್ನೆ, ಸರ್."

"ಹೆಣ್ಮಗಳ ಬಗ್ಗೆ ನನಗೂ ಕರುಣಾ ಅದ," ಎಂದರು. "ಮುಂದಿನ ಲೇಖನದಾಗ ನಿಮ್ಮ ಹೆಸರು ಎರಡನೇದು ಹಾಕೂಣು. ಕೃತಜ್ಞತೆಯೊಳಗಲ್ಲ, ತಲೀ ಮ್ಯಾಲೆ. ಈ ಪತ್ರ ಫೈಲಿಗೆ ಹಾಕ್ರಿ."

ನಾನು ಪತ್ರ ಎತ್ತಿಕೊಳ್ಳಲಿಲ್ಲ. ಅವರಿಗೆ ಸಿಟ್ಟು ಬಂತು.

"ಲೇಖನದಾಗ ತಪ್ಪಿಲ್ಲ. ತಪ್ಪಿದ್ರ ಫಾರ್ಮಿನಾಗ ಇರಬೇಕು. ಫಾರ್ಮ್ ಯಾರು ತುಂಬಿದ್ದು?"

"ನಾನು."

"ಹಂಗಾದ್ರ ತಪ್ಪು ನಿಮ್ಮದಾತು, ನನ್ನದಲ್ಲ. ಬೇಕಾರ ನೀವು ಬರದು ಕೊಡ್ರಿ ಅವರಿಗೆ. ನನ್ನ ಅಭ್ಯಂತರ ಏನಿಲ್ಲ."

ಹೆದರಿಸಲು ಹೇಳಿದ ಮಾತು ಅದು. ಫಾರ್ಮನ್ನೇ ತಪ್ಪು ತುಂಬಿದೆ ಎಂದು ಬರೆದುಕೊಟ್ಟ ಸಹಾಯಕಿಯನ್ನು ಆ ಮೇಲೆ ಯಾವ ವಿಭಾಗವೂ ಇಟ್ಟುಕೊಳ್ಳುವುದಿಲ್ಲ. ಆದರೆ ಐದು ವರ್ಷದಲ್ಲಿ ಸರ್ ಬಾಯಿಂದ ಬಂದ ಉಪಯೋಗದ ಮಾತೂ ಅದೊಂದೇ. ಪತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ಸಿಂದಗಿಯ ಬಸ್ಸು ಹತ್ತಿದೆ.

ಯಂಕಂಚಿಯಲ್ಲಿ ಶಾಂತವ್ವ ಪಕ್ಕೆಗೆ ಹಳೆಯ ಸೀರೆಯ ಪಟ್ಟಿ ಬಿಗಿದುಕೊಂಡು ಕುಳಿತೇ ರೊಟ್ಟಿ ಬಡಿಯುತ್ತಿದ್ದಳು. ಹೊಸ ಫಾರ್ಮು ತೆಗೆದು, ಸುಗ್ಗಿಯಲ್ಲಿ ಎಷ್ಟು ಸಿವುಡು ಬರುತ್ತದೆ ಎಂದು ಕೇಳಿದೆ.

ಅವಳು ಕೈ ನಿಲ್ಲಿಸಿದಳು. "ಇದನ್ನ ಅವತ್ತ ಕೇಳಬಾರ್ದಿತ್ತೇನ್ರೀ ಅಕ್ಕಾರ?"

"ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು."

"ನೀವು ರೊಕ್ಕ ಕೇಳಿದ್ರಿ, ರೊಕ್ಕ ಇಲ್ಲ ಅಂದ್ನಿ. ಜ್ವಾಳ ಕೇಳಿದ್ರ ಜ್ವಾಳ ಹೇಳತಿದ್ನಿ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ; ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಇಪ್ಪತ್ತ ಸಿವುಡ ಕಿತ್ತು ಕಟ್ಟಿದ್ರ ಒಂದು ನಮ್ಮದು. ಸುಗ್ಗಿ ಮುಗಿಯೂದ್ರಾಗ ಬಡದು ತೂರಿದ್ರ ಮೂರು ಚೀಲ ಜ್ವಾಳ. ಕಣಿಕಿ ಎಮ್ಮಿಗೆ."

"ಮೂರು ಚೀಲ ಎಷ್ಟು ದಿನ ಬರುತ್ತದೆ?"

ಹೊಸ್ತಿಲಿಂದ ಅತ್ತೆ ಉತ್ತರ ಕೊಟ್ಟಳು. "ಆರು ತಿಂಗಳ ರೊಟ್ಟಿರೀ. ಅಕೀ ಕಿತ್ತು ತರ್ತಾಳ, ನಾವು ತಿಂತೀವಿ. ನನ್ನ ಮಗಂದು ಒಂದು ಎಕರೆ ಕಲ್ಲು. ಅದರಾಗ ನಾಲಿಗಿ ಬಿಟ್ಟು ಏನೂ ಬೆಳೆಯಂಗಿಲ್ಲ." ಆಮೇಲೆ, "ಈ ಸಲ ಅದನ್ನೂ ಬರಕೋರಿ. ಅತ್ತಿ ಕೆಟ್ಟಾಕಿ ಅದಾಳ, ಖರೇ ಹೇಳ್ಯಾಳ ಅಂತ," ಎಂದಳು.

ಹದಿನಾಲ್ಕನೆಯ ಕಾಲಮ್ಮಿನಲ್ಲಿ ಮೂರು ಚೀಲ ಜೋಳ, ಒಂದು ಎಮ್ಮೆಯ ಮೇವು ಎಂದು ಬರೆದೆ. ಹೊರಡುವಾಗ ಶಾಂತವ್ವ ತಡೆದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಕುಂಕುಮ ಹಚ್ಚಿ, ಟ್ರಂಕಿನಿಂದ ಒಂದು ಖಣ ತೆಗೆದು ಕೊಟ್ಟಳು. ಗುಳೇದಗುಡ್ಡದ ಖಣ, ಹಸಿರು ಮೈ, ಕೆಂಪು ಅಂಚು. ದಾಟಿಸುವ ಅಗ್ಗದ ಬಟ್ಟೆಯಲ್ಲ. ಬೇಡವೆಂದೆ. "ನಿಮ್ಮ ತವರ ಅನ್ಕೋರಿ," ಎಂದಳು. ನಾನು ಬರೆದ ಸೊನ್ನೆಯಿಂದ ಆರು ತಿಂಗಳ ಕಾಳು ಕೈತಪ್ಪಿದವಳು ಅವಳು.

ಆ ಸಂಜೆ ಸಿಂದಗಿಯಲ್ಲಿ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಕುಳಿತು ಧರ್ಮಸಂಸ್ಥೆಗೆ ಒಂದು ಪುಟ ಬರೆದೆ: ಸೊನ್ನೆ ಬರೆದವಳು ನಾನು, ಕೂಲಿ ಕಾಳಿನಲ್ಲಿ ಬರುತ್ತದೆಂದು ತಿಳಿದೂ ಕೇಳಲಿಲ್ಲ, ಸರಿಯಾದ ಫಾರ್ಮು ಲಗತ್ತಿಸಿದೆ. ಸರ್ ಅವರ ಸೂಚನೆಯ ಹಾಳೆಯನ್ನು ಲಗತ್ತಿಸಲಿಲ್ಲ. ಲಗತ್ತಿಸಿದ್ದರೆ ಅವರು ಜಗಳಕ್ಕೆ ಇಳಿಯುತ್ತಿದ್ದರು, ಜಗಳ ಮುಗಿಯುವುದರೊಳಗೆ ಇನ್ನೊಂದು ಸುಗ್ಗಿ ಬರುತ್ತಿತ್ತು. ಹಾಳೆ ನನ್ನ ಬಳಿ ಇದೆ. ನಿಮಗೆ ಬೇಕಾದರೆ ಕೇಳಿ.

ಮುಂದೆ ಆದದ್ದು ಇಷ್ಟು. ಕಾಳು ಬಂತು, ಶಾಂತವ್ವನಿಗೆ ಮತ್ತೆ ಹೊಲಿಗೆ ಹಾಕಿದರು, ಅವಳು ಆರು ತಿಂಗಳು ಹೊಲಕ್ಕೆ ಇಳಿಯಲಿಲ್ಲ. ನನ್ನ ನೇಮಕವನ್ನು ಮುಂದುವರಿಸಲಿಲ್ಲ. ಸರ್, ಕ್ಷೇತ್ರ ಸಹಾಯಕರು ಮಾಡುವ ತಪ್ಪುಗಳ ಬಗ್ಗೆ ಒಂದು ಲೇಖನ ಬರೆದು ನನ್ನ ಪತ್ರವನ್ನು ಉದಾಹರಣೆಯಾಗಿ ಕೊಟ್ಟರು. ಅದು ಈ ನಾಲ್ಕು ಕುಟುಂಬಗಳಿಂದ ಅವರಿಗೆ ಸಿಕ್ಕ ಹನ್ನೆರಡನೆಯ ಬಿಳಿ ಕಾರ್ಡು. ಅದಕ್ಕೆ ಆಗಲೇ ಎರಡು ಗುಲಾಬಿ ಕಾರ್ಡು ಬಂದಿವೆಯಂತೆ. ಸೊನ್ನೆಯ ಲೇಖನಕ್ಕೆ ಬರುವ ಕಾರ್ಡುಗಳೂ ನಿಂತಿಲ್ಲ.

ಧರ್ಮಸಂಸ್ಥೆಗೆ ಆ ಪತ್ರ ಬರೆದ ಮರುದಿನ ಬೆಳಿಗ್ಗೆ ಅಂಚೆ ಕಚೇರಿ ತೆರೆಯುವ ಮೊದಲೇ ಹೋಗಿ ನಿಂತೆ. ರಿಜಿಸ್ಟರ್ ಮಾಡಿಸಿದೆ. ಆಮೇಲೆ ಬಸ್ ನಿಲ್ದಾಣದ ಹತ್ತಿರ ಸಿದ್ರಾಮನ ಅಂಗಡಿಗೆ ಹೋದೆ. ಅವನು ಮಷೀನಿಗೆ ಎಣ್ಣೆ ಬಿಡುತ್ತಿದ್ದ. ಔಷಧಿಯಿಂದ ಮುಖ ಊದಿಕೊಂಡಿತ್ತು, ಆದರೆ ಕಾಲು ಪೆಡಲಿನ ಮೇಲೆ ಸರಾಗವಾಗಿ ಆಡುತ್ತಿತ್ತು. ಖಣ ಮೇಜಿನ ಮೇಲಿಟ್ಟೆ. ಅವನು ಮಡಿಕೆ ಬಿಚ್ಚಿ, ಅಂಚು ಮುಟ್ಟಿ ನೋಡಿ, ನಕ್ಕ.

"ಇದು ನಾ ಅಕ್ಕಗ ಉಡಿ ತುಂಬಿದ್ದರೀ, ಮುಂಬೈದಿಂದ ಬಂದಾಗ. ಅಕೀ ನಿಮಗ ದಾಟಿಸಿಬಿಟ್ಲೇನು? ಭಾರೀ ಅದಾಳ!"

"ಹೊಲಿದು ಕೊಡಿ," ಎಂದೆ.

"ಹೊಲಿಯೂಣ್ರಿ ಅಕ್ಕಾರ, ಅಳತಿ ಕುಪ್ಪಸ ತಂದೀರೇನು?"

"ನನ್ನದಲ್ಲ. ನಿಮ್ಮ ಅಕ್ಕನ ಅಳತೆಗೆ ಹೊಲಿಯಿರಿ. ನೀವೇ ಒಯ್ದು ಕೊಡಿ."

ಅವನು ನಗು ನಿಲ್ಲಿಸಿದ. ಒಮ್ಮೆ ಕತ್ತರಿಸಿ ಹೊಲಿದ ಖಣ ಇನ್ನಾರ ಮದುವೆಗೂ ಹೋಗುವುದಿಲ್ಲ ಎಂದು ಅವನಿಗೆ ಹೇಳಬೇಕಾಗಿರಲಿಲ್ಲ. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಚೀಟಿಯ ಮೇಲೆ ಯಾವ ಅಳತೆಪಟ್ಟಿಯನ್ನೂ ನೋಡದೆ ನಾಲ್ಕಾರು ಅಂಕಿ ಬರೆದ. ಕೊನೆಯದರ ಮುಂದೆ ತಡೆದು, ಸ್ವಲ್ಪ ಯೋಚಿಸಿ, ಬರೆದದ್ದನ್ನು ಹೊಡೆದುಹಾಕಿದ.

"ಎಡಗಡಿ ಅರ್ಧ ಇಂಚ ಸಡಲ ಇಡ್ತೇನಿ," ಎಂದ. "ಅಲ್ಲಿ ಅಕೀಗ ತಾಗಬಾರ್ದು."

ಅದನ್ನು ಅವನು ಬರೆದುಕೊಳ್ಳುವವರೆಗೆ ನಿಂತಿದ್ದು, ಬಸ್ಸಿನ ಕಡೆ ನಡೆದೆ.